ಒಡ್ಡಿನ ಮೇಲಿನ ಭಾಷಣ

ಎಪ್ಪತ್ತರ ದಶಕದಲ್ಲಿ ನಾನು ನಮ್ಮೂರ ಪಂಚಾಯ್ತಿ ಚೇರ್ಮನ್ ಆದಾಗ, ಆ ಕುರ್ಚಿಗೆ ನನ್ನಷ್ಟು ತಕ್ಕವನು ಇಡೀ ಚನ್ನಗಿರಿ ತಾಲ್ಲೂಕಿನಲ್ಲೇ ಇಲ್ಲವೆಂದು ನನಗೆ ಖಾತ್ರಿಯಾಗಿತ್ತು. ನನ್ನ ಹೆಂಡತಿ ಗೌರಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಹನ್ನೆರಡು ವರ್ಷ ಸೋರುವ ಮನೆಯಲ್ಲಿ ಪಾತ್ರೆ ಇಟ್ಟು ಸಾಕಾಗಿದ್ದ ಅವಳಿಗೆ ಬೇಕಾದದ್ದು ಹೊಸ ಮನೆ. ಅದಕ್ಕೆಂದೇ ಕಾಲುವೆ ಪಕ್ಕದ ನಮ್ಮ ಹೊಲದಲ್ಲಿ ಹತ್ತು ಸಾವಿರ ಹಸಿ ಇಟ್ಟಿಗೆ ಕೊಯ್ಯಿಸಿ ಒಣಗಲು ಬಿಟ್ಟಿದ್ದೆವು. ಗೂಡಿಗೆ ಹಾಕಿ ಸುಡಲು ಇನ್ನೊಂದೇ ದಿನ ಬಾಕಿ ಇತ್ತು.

ಆ ದಿನ ಸೂಳೆಕೆರೆ ಕಾಲುವೆಯಿಂದ ಬೇಸಿಗೆ ಪೈರಿಗೆ ನೀರು ಬಿಡಬೇಕಿತ್ತು. ಪ್ರತಿವರ್ಷ ನೀರುಗಂಟಿ ದುರ್ಗಪ್ಪ ಸದ್ದಿಲ್ಲದೆ ತೂಬು ಎತ್ತುತ್ತಿದ್ದ. ನಾನು ಬಿಟ್ಟೇನೆಯೇ? ಒಡ್ಡಿನ ಮೇಲೆ ಶಾಮಿಯಾನ, ಮೈಕು, ಹಾರ! ಭಾಷಣದ ವಿಷಯ, 'ನಾಯಕನಾದವನು ಜನರ ಮಾತು ಕೇಳಬೇಕು.'

ಹತ್ತು ನಿಮಿಷಕ್ಕೇ ದುರ್ಗಪ್ಪ ಎದ್ದು ನಿಂತ.

"ಚೇರ್ಮನ್ರೇ, ಒಂದ್ ಮಾತು..."

"ಕೂತ್ಕಳಪ್ಪ, ಆಮೇಲೆ."

ಮತ್ತೆ ಎದ್ದ. "ಅರ್ಜೆಂಟ್ ಐತೆ ರೀ!"

"ಅರ್ಜಿ ಬರೆದು ಕೊಡು!" ಎಂದೆ. ಜನ ನಕ್ಕರು. ನಾನೂ ನಕ್ಕೆ. ಮೂರನೇ ಸಲ ಎದ್ದವನನ್ನು ನನ್ನ ಕಡೆಯವರೇ ಹೆಗಲು ಹಿಡಿದು ಕೂರಿಸಿದರು.

ಮುಕ್ಕಾಲು ಗಂಟೆ 'ಕೇಳುವುದರ ಮಹತ್ವ' ಕೊರೆದು, ಚಪ್ಪಾಳೆಯ ನಡುವೆ ನಾನೇ ಸ್ವಹಸ್ತದಿಂದ ತೂಬು ಎತ್ತಿದೆ. ನೀರು ಭೋರೆಂದು ನುಗ್ಗಿತು. ಕಾಫಿ, ಮಂಡಕ್ಕಿ ಶುರುವಾಯಿತು.

ಅಷ್ಟರಲ್ಲಿ ಗೌರಮ್ಮ ಓಡೋಡಿ ಬರುವುದು ಕಂಡಿತು. ಪುಣ್ಯಾತ್ಗಿತ್ತಿ, ಆರತಿ ತಂದಳೇನೋ ಎಂದು ನಾನು ಹಾರ ಸರಿಮಾಡಿಕೊಂಡೆ. ಹತ್ತಿರ ಬಂದಳು. ಮೊಣಕಾಲವರೆಗೆ ಕೆಸರು. ಎರಡೂ ಕೈ ತುಂಬ ಕೆಸರು!

"ಏನೇ ಇದು?"

"ನಿಮ್ಮ ಹೊಸ ಮನೆ ರೀ!" ಎಂದವಳೇ ಅದನ್ನು ಮೇಜಿನ ಮೇಲೆ ಪಚಕ್ಕನೆ ಇಟ್ಟಳು.

ಬೆರಳಲ್ಲಿ ಮುಟ್ಟಿ ನೋಡಿದೆ, ನಮ್ಮ ಇಟ್ಟಿಗೆಯದೇ ಮಣ್ಣು. ಹತ್ತು ಸಾವಿರ ಇಟ್ಟಿಗೆ!

"ಬೆಳಿಗ್ಗೆ ಎಮ್ಮೆಗಳು ತುಳಿದು ನಿಮ್ಮ ಹೊಲದ ಹತ್ರ ಕಾಲುವೆ ಏರಿ ಒಡೆದಿತ್ತು," ಎಂದ ದುರ್ಗಪ್ಪ, ತೂಬು ಇಳಿಸುತ್ತ.

"ಅಯ್ಯೋ ಮಾರಾಯ, ಮೊದಲೇ ಹೇಳಬಾರದಿತ್ತೇನೋ!"

"ಹೇಳಾಕೆ ಮೂರು ಸಲ ಎದ್ದೆ. ಕೇಳ್ಬೇಕು, ಕೇಳ್ಬೇಕು ಅಂತ ನೀವೇ ಹೇಳ್ತಿದ್ರಲ್ಲ. ಕೇಳ್ತಾ ಕೂತೆ!"

ಹದಿಮೂರನೇ ಮಳೆಗಾಲವೂ ನಮ್ಮ ಮನೆ ಸೋರಿತು. ಗೌರಮ್ಮ ಪಾತ್ರೆಗಳನ್ನೆಲ್ಲ ನನ್ನ ಸುತ್ತಲೇ ಜೋಡಿಸಿ ಕೇಳಿದಳು: "ಟಪ್ ಟಪ್ ಅಂತೈತಲ್ಲ, ಕೇಳಿಸ್ತೈತಾ ಚೇರ್ಮನ್ರೇ?"

ಕೇಳಿಸುತ್ತಿತ್ತು. ಒಂದೊಂದು ಹನಿಯೂ ಕೇಳಿಸುತ್ತಿತ್ತು!