ಐದನೆಯ ತಲೆಮಾರಿನ ಬಲಾಬಲ

ಯೋಕಾಗೊ ಎಂಬ ವಿಡಿಯೊ ಆಟದ ಒಂಬತ್ತು ತಲೆಮಾರುಗಳಲ್ಲಿ ಯಾವುದು ಎಷ್ಟು ಬಲಶಾಲಿ ಎಂಬುದು, ಅದನ್ನು ರೂಪಿಸಿದವರು ಈಗ ಯಾವ ಹುದ್ದೆಯಲ್ಲಿದ್ದಾರೆ ಎಂಬುದರಿಂದ ನಿರ್ಧಾರವಾಗುತ್ತದೆ. ಇದು ನಮ್ಮ ಕಂಪನಿಯ ಹದಿನಾಲ್ಕನೆಯ ನಿಯಮ. ನಾಗೊಯಾ ಕಚೇರಿಯ ಕಡತ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇರುವ ನಾನು ಈ ನಿಯಮ ತಪ್ಪಿದ್ದನ್ನು ಕಂಡಿಲ್ಲ.

ಬುಟ್ಟಿ ಹಿಡಿದು ಊರೂರು ಅಲೆಯುತ್ತ ಮರಿಭೂತಗಳನ್ನು ಹಿಡಿದು ಸಾಕುವ ಆಟ ಇದು. ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸ ಭೂತಗಳೊಂದಿಗೆ ಹೊಸ ತಲೆಮಾರು ಹೊರಡುತ್ತದೆ. ಹಳೆಯವೂ ಜೊತೆಗೆ ಬರುತ್ತವೆ. ಹತ್ತನೆಯದರಲ್ಲಿ ಜಾಗ ಸಾಲಲಿಲ್ಲ. ಅತಿ ದುರ್ಬಲವಾದ ಒಂದು ತಲೆಮಾರನ್ನು ಪೂರ್ತಿ ಕೈಬಿಡಬೇಕೆಂದು ತೀರ್ಮಾನವಾಗಿ, ಬಲಾಬಲ ವರದಿ ಬರೆಯುವ ಕೆಲಸ ಯೋಜನಾ ವಿಭಾಗದ ಇಸೊಮೆ ಎಂಬಾಕೆಗೆ ಬಿತ್ತು.

ಇಸೊಮೆಗೆ ಅನುಭವ ಕಡಿಮೆ. ಆಕೆ ಆಟಗಾರರನ್ನೇ ಕೇಳಿದಳು. ಎರಡು ಲಕ್ಷ ಜನ ಉತ್ತರಿಸಿದರು. ಎರಡನೆಯದರ ಬಲ ಸಂಗೀತ, ಏಳನೆಯದರದು ಕಡಲು. ಆದರೆ ಐದನೆಯದೇ ಎಲ್ಲಕ್ಕಿಂತ ಮೇಲು, ಅದರಲ್ಲಿ ಸೋತರೂ ಮತ್ತೆ ಆಡಬೇಕೆನಿಸುತ್ತದೆ ಎಂದರು. ಮೊದಲನೆಯದು ಕೊನೆಗೆ ಬಂತು. ಅದರಲ್ಲಿ ಮೆಟ್ಟಿಲು ಹತ್ತಿದರೆ ಬುಟ್ಟಿಯೊಳಗಿನ ಭೂತ ಮಾಯವಾಗುತ್ತಿತ್ತು.

“ಏನಮ್ಮಾ ಇದು?” ಎಂದರು ವಿಭಾಗದ ಮುಖ್ಯಸ್ಥ ಬಂದೊ. “ಮೊದಲನೇದು ಅಧ್ಯಕ್ಷ ಒಗಾಕಿ ಅವರದ್ದು. ಅದು ಕೊನೆಗೆ ಹೆಂಗೆ ಬರುತ್ತೆ?”

“ಭೂತ ಮಾಯ ಆಗುತ್ತಲ್ಲ, ಬಂದೊ-ಸಾನ್.”

“ಅದು ದೋಷ ಅಲ್ಲ. ಯಾವುದೂ ಶಾಶ್ವತ ಅಲ್ಲ ಅಂತ ಮಕ್ಕಳಿಗೆ ಪಾಠ. ‘ತಾತ್ವಿಕ ಬಲ’ ಅಂತ ಬರಿ.”

“ಎರಡು ಲಕ್ಷ ಜನ ಹೇಳಿದಾರೆ…”

“ಅದರಲ್ಲಿ ನಮ್ಮ ನೌಕರರು ಎಷ್ಟು?”

ಒಬ್ಬರೂ ಇರಲಿಲ್ಲ.

ಐದನೆಯದನ್ನು ರೂಪಿಸಿದ ತೊಕುಶಿಗೆ ಎಂಬವರಿಗೆ ಹುದ್ದೆಯೇ ಇಲ್ಲ, ಆದ್ದರಿಂದ ನಿಯಮದ ಪ್ರಕಾರ ಕೈಬಿಡಬೇಕಾದದ್ದು ಅದೇ. ತೆಗೆದುಹಾಕಲಾಗದ, ಕೆಲಸ ಕೊಡಲೂ ಮನಸ್ಸಿಲ್ಲದ ಹಿರಿಯರನ್ನು ನಾವು ಕಿಟಕಿ ಪಕ್ಕದ ಮೇಜಿನಲ್ಲಿ ಕೂರಿಸುತ್ತೇವೆ. ಅವರು ಅಲ್ಲಿ ಕೂತು ಹನ್ನೊಂದು ವರ್ಷ. ಒಮ್ಮೆ ಸಭೆಯಲ್ಲಿ ಅಧ್ಯಕ್ಷರಿಗೆ ಮೆಟ್ಟಿಲಿನ ವಿಷಯ ನೆನಪಿಸಿದ್ದರು.

ಇಸೊಮೆ ಊಟದ ಹೊತ್ತಿಗೆ ಅವರ ಮೇಜಿಗೆ ಹೋಗಿ ತನ್ನ ಆಟದ ಯಂತ್ರ ತೆರೆದು ತೋರಿಸಿದಳು. ಒಳಗೆ ಐದನೆಯ ತಲೆಮಾರಿನ ಒಂದು ಬಸವನಹುಳು ಭೂತ, ಹೆಸರು ನುಮೆರಿ.

“ಅಯ್ಯೋ, ಇದು ಇನ್ನೂ ಇದೆಯಾ?” ತೊಕುಶಿಗೆ ಅವರು ಅನ್ನದುಂಡೆಯನ್ನು ಕೆಳಗಿಟ್ಟರು. “ಇದರ ಚಿತ್ರ ನಾನೇ ಬರೆದದ್ದು.”

“ಒಂಬತ್ತನೇ ವಯಸ್ಸಲ್ಲಿ ಹಿಡಿದೆ. ಆಮೇಲೆ ಪ್ರತಿ ಆಟಕ್ಕೂ ಕರಕೊಂಡು ಬಂದಿದೀನಿ. ಈ ಸಲ ಇಲ್ಲೇ ಬಿಟ್ಟುಹೋಗು ಅಂತಿದಾರೆ.”

“ನಿಧಾನದ ಪ್ರಾಣಿ,” ಎಂದರು ಅವರು. “ಬಹಳ ದೂರ ಬಂತು.”

ಇಸೊಮೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಐದನೆಯದು ಮೊದಲು, ಮೊದಲನೆಯದು ಕೊನೆಗೆ. ಕೆಳಗೆ ಸಹಿಯ ಬದಲಿಗೆ ತನ್ನ ಹೆಸರಿನ ಮೊಹರು ಒತ್ತಿ, ಮೇಲಿನವರ ಮೊಹರಿಗಾಗಿ ಕಳಿಸಿದಳು.

ವರದಿ ಮರುದಿನವೇ ವಾಪಸು ಬಂತು. ಬಂದೊ ಕೆಂಪು ಶಾಯಿಯಲ್ಲಿ ಟಿಪ್ಪಣಿ ಬರೆದಿದ್ದರು: “ಮೊಹರು ನೆಟ್ಟಗೆ ನಿಂತಿದೆ. ಮೇಲಧಿಕಾರಿಯ ಮೊಹರಿನ ಕಡೆಗೆ ನಲವತ್ತು ಡಿಗ್ರಿ ಬಾಗಿರತಕ್ಕದ್ದು.” ಒಳಗಿನ ವಿಷಯದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಇಸೊಮೆ ಆ ಟಿಪ್ಪಣಿಯನ್ನು ಎರಡು ಸಲ ಓದಿದಳು. ವರದಿಯ ಒಂದು ಪದವನ್ನೂ ಬದಲಿಸದೆ, ಮೊಹರನ್ನು ಚೆನ್ನಾಗಿ ಬಗ್ಗಿಸಿ ಒತ್ತಿ ಮತ್ತೆ ಕಳಿಸಿದಳು. ಒಂಬತ್ತು ಮಂದಿ ಮೊಹರು ಹಾಕಿದರು. ಹುದ್ದೆ ಮೇಲೇರಿದಂತೆ ಮೊಹರಿನ ಬಾಗು ಸ್ವಲ್ಪ ಸ್ವಲ್ಪ ಕಡಿಮೆಯಾಗಿತ್ತು, ಅಧ್ಯಕ್ಷರದ್ದು ನೆಟ್ಟಗಿತ್ತು. ಇಷ್ಟು ಅಂದವಾದ ಕಾಗದ ನನ್ನ ಕಡತಕ್ಕೆ ಬಂದದ್ದು ಅಪರೂಪ.

ಸೋಮವಾರ ಬೆಳಗಿನ ಸಭೆಯಲ್ಲಿ ಅಧ್ಯಕ್ಷರೇ ಅದನ್ನು ಗಟ್ಟಿಯಾಗಿ ಓದಿದರು. “ಅತಿ ದುರ್ಬಲವಾದ, ಆದ್ದರಿಂದ ಕೈಬಿಡಬೇಕಾದ ತಲೆಮಾರು, ಮೊದಲ—” ಎಂದು ನಿಲ್ಲಿಸಿ, ಕೆಳಗಿದ್ದ ತಮ್ಮದೇ ಮೊಹರನ್ನು ನೋಡಿದರು. “—ನೆಯದು,” ಎಂದು ಮುಗಿಸಿದರು.

ನಿರ್ದೇಶಕರ ತುರ್ತು ಸಭೆ ಆರು ಗಂಟೆ ನಡೆಯಿತು. ವರದಿಯನ್ನು ಹಿಂತೆಗೆದುಕೊಂಡರೆ ಒಂಬತ್ತು ಜನ ಓದದೆ ಮೊಹರು ಹಾಕಿದ್ದಾರೆ ಎಂದಾಗುತ್ತದೆ. ಹಾಗೆ ಆಗಿರಲು ಸಾಧ್ಯವಿಲ್ಲ. ಹಾಗೆಯೇ ಇಟ್ಟುಕೊಂಡರೆ ಹದಿನಾಲ್ಕನೆಯ ನಿಯಮ ತಪ್ಪುತ್ತದೆ. ಅದಕ್ಕೂ ಅವಕಾಶವಿಲ್ಲ. ಉಳಿದದ್ದು ಒಂದೇ ದಾರಿ. ಐದನೆಯದು ಅತಿ ಬಲಶಾಲಿಯಾದ್ದರಿಂದ ತೊಕುಶಿಗೆ ಅವರು ಅಧ್ಯಕ್ಷರಾದರು. ಒಗಾಕಿ ಕಿಟಕಿ ಪಕ್ಕಕ್ಕೆ ಬಂದರು.

“ಇಲ್ಲಿ ಬಿಸಿಲು ಚೆನ್ನಾಗಿದೆ ಕಣ್ರೀ,” ಎಂದು ನನಗೆ ಹೇಳಿದರು.

ಬಂದೊ ಅವರ ಜಾಗಕ್ಕೆ ಇಸೊಮೆ ಬಂದಳು. ಇಂಥ ಗೊಂದಲ ಮರುಕಳಿಸದಿರಲೆಂದು ಹೊಸ ಅಧ್ಯಕ್ಷರು ಸುತ್ತೋಲೆ ಹೊರಡಿಸಿ, ಪ್ರತಿ ನೌಕರನಿಗೂ ಒಂದು ಕೋನಮಾಪಕ ಕೊಡಿಸಿದರು. ನನ್ನದು ಪಾರದರ್ಶಕ, ಚೆನ್ನಾಗಿ ಕೆಲಸ ಮಾಡುತ್ತದೆ.

ಹತ್ತನೆಯ ಆಟ ಬಿಡುಗಡೆಯಾದ ದಿನ ಇಸೊಮೆ ತನ್ನ ಬುಟ್ಟಿ ತೆರೆದಳು. ಖಾಲಿ. ಕಡತ ಹುಡುಕಲು ನನ್ನಲ್ಲಿಗೆ ಬಂದಳು. ಹಿಂದೆಯೇ ಅಧ್ಯಕ್ಷರೂ ಬಂದರು. ಕಾಗದ ಸಿಕ್ಕಿತು. ಜಾಗ ಮತ್ತೆ ಕಡಿಮೆ ಬಿದ್ದು ಇನ್ನೂ ಮೂವತ್ತು ಭೂತಗಳನ್ನು ಕೈಬಿಟ್ಟ ಪಟ್ಟಿ ಅದು. ಹದಿನೇಳನೆಯದು ನುಮೆರಿ. ಕೆಳಗೆ ಇಸೊಮೆಯ ಮೊಹರು, ಅದರ ಪಕ್ಕ ತೊಕುಶಿಗೆ ಅವರದ್ದು.

ತೊಕುಶಿಗೆ ಅವರು ಪಟ್ಟಿಯನ್ನು ಬೆಳಕಿಗೆ ತಿರುಗಿಸಿದರು.

“ನೀನು ಓದಲಿಲ್ವೇನಮ್ಮಾ?”

“ನೀವು ಓದ್ತೀರಿ ಅಂದ್ಕೊಂಡೆ.”

ತೊಕುಶಿಗೆ ಅವರು ಜೇಬಿನಿಂದ ಕೋನಮಾಪಕ ತೆಗೆದು ಆಕೆಯ ಮೊಹರಿನ ಮೇಲೆ ಇಟ್ಟು, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಸರಿಯಾಗೇ ಇದೆ,” ಎಂದರು.

“ಹೌದು,” ಎಂದಳು ಇಸೊಮೆ. “ಸರಿಯಾಗೇ ಇದೆ.”

ನಾನು ಕಾಗದವನ್ನು ಮತ್ತೆ ಕಡತದಲ್ಲಿ ಇಟ್ಟೆ.