ದಬದಬಿ ಸಮಿತಿಯ ಅಧ್ಯಕ್ಷ

ಇಬ್ಬರೇ ಹೋಗಬೇಕಾದ ಊರಿಗೆ ಇಪ್ಪತ್ತು ಮಂದಿಯನ್ನು ಹೊರಡಿಸುವ ಕಲೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೂ ಬಂದಿದೆ, ಒಪ್ಪಿಕೊಂಡುಬಿಡುತ್ತೇನೆ. ಕನ್ಯಾ ನೋಡಲು ಹೊರಟಾಗ ಅಪ್ಪ, ಸೋದರಮಾವ, ನಾನು ಮೂವರೇ ಎಂದು ಮಾತಾಗಿತ್ತು. ಮನೆಯಿಂದ ಎಸ್.ಟಿ. ಸ್ಟ್ಯಾಂಡಿನವರೆಗೆ ಸಿಕ್ಕವರಿಗೆಲ್ಲ ಸುದ್ದಿ ಹೇಳುತ್ತ ನಡೆದೆ. ಬಸ್ಸು ಹತ್ತುವಾಗ ಹನ್ನೊಂದು ಜನ ಆಗಿದ್ದೆವು. ಆ ಮನೆಯಲ್ಲಿ ಉಪ್ಪಿಟ್ಟು ಸಾಲದೆ, ತಲೆಬಗ್ಗಿಸಿ ಕೂತಿದ್ದ ಹೆಣ್ಣೇ ಎದ್ದು ಒಳಗೆ ಹೋಗಿ ಎರಡನೇ ಸಲ ಒಲೆ ಹಚ್ಚಿದಳು. ಆ ಹೆಣ್ಣೇ ನನ್ನ ಹೆಂಡತಿ ಕಸ್ತೂರಿ. ನನ್ನ ಗುಣ ಮೊದಲು ಗೊತ್ತಿರಲಿಲ್ಲ ಎಂದು ಆಕೆ ಹೇಳುವಂತಿಲ್ಲ.

ನಮ್ಮದು ಮೂಲತಃ ಬೆಳಗಾವಿ ಕಡೆಯ ಹಳ್ಳಿ. ಹೊಟ್ಟೆಪಾಡಿಗೆ ಮಹಾರಾಷ್ಟ್ರದ ಇಚಲಕರಂಜಿಗೆ ಬಂದು ಪವರ್‌ಲೂಮಿನ ಮುಂದೆ ನಿಂತವನು ನಾನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಚಾಳಿನ ಒಂದೇ ಖೋಲಿಯೊಳಗೆ ಅವ್ವ, ತಮ್ಮ, ನಾವಿಬ್ಬರು, ಎರಡು ಮಕ್ಕಳು. ಪಕ್ಕದ ಖೋಲಿಯವರು ಸೀನಿದರೆ ನಮ್ಮವ್ವ ಇಲ್ಲಿಂದಲೇ 'ಚಿರಂಜೀವಿ ಆಗು' ಎನ್ನುತ್ತಿದ್ದಳು, ಗೋಡೆ ಅಷ್ಟು ತೆಳ್ಳಗೆ. ಹೀಗಿರುವಾಗ ಶ್ರಾವಣದ ಒಂದು ಸಂಜೆ ಕಸ್ತೂರಿ ನಲ್ಲಿಯ ಹತ್ತಿರ ಕೊಡ ತುಂಬುತ್ತ, ದನಿ ತಗ್ಗಿಸಿ ಹೇಳಿದಳು: "ಚಂದಗಡದ ಕಡೆ ಗುಡ್ಡದಾಗ ಒಂದು ದಬದಬಿ ಐತಂತ. ಬಸ್ ಇಳದು ತಾಸು ನಡದ್ರ ಸಿಗತೈತಂತ. ಒಂದ ದಿನಾ ಹೋಗಿ ಬರೂಣ್ರಿ. ನಾವಿಬ್ಬರ."

ದಬದಬಿ ಎಂದರೆ ಜಲಪಾತ. ಆದರೆ ನನಗೆ ಕೇಳಿಸಿದ್ದು 'ಇಬ್ಬರ' ಎಂಬ ಮಾತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಆಕೆ ಸೀರೆ ಕೇಳಿರಲಿಲ್ಲ, ಹುಪರಿಯ ಬೆಳ್ಳಿ ಕಾಲುಂಗುರ ಕೇಳಿರಲಿಲ್ಲ. ಈಗ ಕೇಳಿದ್ದು ಒಂದು ದಿನ. ದಸರೆ ದಾಟಿದರೆ ನೀರು ಬಡವಾಗುತ್ತದೆ, ಅಷ್ಟರೊಳಗೆ ಹೋಗಲೇಬೇಕು. ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದು ತಾಯಾಣೆ ಮಾಡಿದೆ. ಕಸ್ತೂರಿ ನನ್ನ ಬಾಯಿಯನ್ನೇ ಸ್ವಲ್ಪ ಹೊತ್ತು ನೋಡಿ ಕೊಡ ಎತ್ತಿಕೊಂಡು ಹೋದಳು.

ಮರುದಿನ ನಡೆದದ್ದನ್ನು ಹೇಳುವ ಮೊದಲು ನಮ್ಮ ಕಾರಖಾನೆಯ ಒಂದು ಪದ್ಧತಿ ಹೇಳಬೇಕು. ಲೂಮುಗಳ ಖಡಖಡ ಸದ್ದಿನಲ್ಲಿ ಎದುರಿಗಿದ್ದವನು ಶಂಖ ಊದಿದರೂ ಕೇಳಿಸುವುದಿಲ್ಲ. ಹಾಗಾಗಿ ನಾವು ತುಟಿ ಆಡಿಸುತ್ತೇವೆ, ಬೆರಳು ತಿರುಗಿಸುತ್ತೇವೆ, ನೋಡುವವರು ಓದಿಕೊಳ್ಳುತ್ತಾರೆ. ನನ್ನ ಎದುರಿನ ಲೂಮಿನಲ್ಲಿ ಯಡ್ರಾವದ ದತ್ತೂ ಇದ್ದ, ಜೀವದ ಗೆಳೆಯ. ಅವನಿಗೆ ನಾನು ಒಂದಿಷ್ಟೂ ದನಿ ತೆಗೆಯದೆ, ಬರೀ ತುಟಿಯಲ್ಲಿ, ಬರುವ ಶುಕ್ರವಾರ ನಾವು ಗಂಡ ಹೆಂಡತಿ ದಬದಬಿಗೆ ಹೋಗುವವರಿದ್ದೇವೆ, ಯಾರಿಗೂ ಹೇಳಬೇಡ ಎಂದೆ. ದನಿಯೇ ತೆಗೆಯದ ಮೇಲೆ ಆಣೆ ಮುರಿದಂತೆ ಹೇಗಾಗುತ್ತದೆ ಹೇಳಿ. ದತ್ತೂನ ಹಾಗೆ ಶೆಡ್ಡಿನ ಉಳಿದ ಹದಿನೆಂಟು ಮಂದಿಗೂ ತುಟಿ ಓದಲು ಬರುತ್ತದೆ ಎಂಬುದು ಮಾತ್ರ ಆ ಗಳಿಗೆಯಲ್ಲಿ ಮರೆತುಹೋಗಿತ್ತು.

ಚಹಾದ ಹೊತ್ತಿಗೆ ಎಲ್ಲರೂ ನನ್ನ ಸುತ್ತ. ಆಮ್ಹೀ ಪಣ ಯೇಣಾರ, ನಾವೂ ಬರುತ್ತೇವೆ ಎಂದು ಒಬ್ಬ. ಟೆಂಪೋ ಮಾಡೋಣ ಎಂದು ಇನ್ನೊಬ್ಬ. ಶುಕ್ರವಾರ ನಮ್ಮ ಭಾಗಕ್ಕೆ ಕರೆಂಟ್ ಇರುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಸೂಟಿ, ಯಾರಿಗೂ ನೆಪವಿಲ್ಲ. 'ಬರಬೇಡ್ರಪಾ' ಎಂಬ ಒಂದು ಮಾತು ನನ್ನ ಬಾಯಿಂದ ಬರಬೇಕಿತ್ತು. ಬೇರೆಲ್ಲ ಮಾತು ಧಾರಾಳವಾಗಿ ಬರುವ ಬಾಯಿ ಅದೊಂದಕ್ಕೆ ಅಂಟಿಕೊಂಡಿತು. ಅಷ್ಟರಲ್ಲಿ ಒಂದು ಸಮಿತಿ ಮಾಡಿ ನನ್ನನ್ನೇ ಅಧ್ಯಕ್ಷನನ್ನಾಗಿ ಆರಿಸಿದರು. ಸುಳ್ಳೇಕೆ ಹೇಳಲಿ, ಒಳಗೊಳಗೇ ಹಿಗ್ಗಿದೆ. ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಅಧ್ಯಕ್ಷರಾದವರಿಲ್ಲ.

ಮೊದಲ ಶುಕ್ರವಾರ ಬೇವಿನ ಮರದ ಕೆಳಗೆ ಮೀಟಿಂಗು. ಅಡಿಗೆ ಏನು ಎಂಬಲ್ಲಿ ಜಗಳ ಹತ್ತಿತು. ಶ್ರಾವಣದಲ್ಲಿ ಮಟನ್ ನಡೆಯುವುದಿಲ್ಲ, ಶ್ರಾವಣ, ಗಣಪತಿ, ದಸರೆ ಎಲ್ಲ ಮುಗಿಸಿಯೇ ಹೋಗೋಣ ಎಂದು ಅರ್ಧ ಜನ. ಅಷ್ಟರಲ್ಲಿ ದಬದಬಿಯೇ ಒಣಗುತ್ತದೆ, ಒಣ ಬಂಡೆ ನೋಡುತ್ತ ಮಟನ್ ತಿನ್ನುವಿರೇನು ಎಂದು ಇನ್ನರ್ಧ. ಎರಡನೇ ಶುಕ್ರವಾರವೂ ಅದೇ. ಮೂರನೆಯದಕ್ಕೆ ನಾನು ಧೈರ್ಯ ಮಾಡಿ ದತ್ತೂನನ್ನು ಪಕ್ಕಕ್ಕೆ ಕರೆದು, ಇಷ್ಟು ಗಂಡಸರ ನಡುವೆ ನಮ್ಮಾಕೆಗೆ ಸರಿಬರುವುದಿಲ್ಲ ಎಂದು ಸೂಚ್ಯವಾಗಿ ಹೇಳಿದೆ. ಅವನು ತಕ್ಷಣ ಎಲ್ಲರ ನಡುವೆ ಹೋಗಿ ನಿಂತು, ವಹಿನಿಗೆ, ಅಂದರೆ ಅತ್ತಿಗೆಗೆ, ಜೊತೆ ಬೇಕಂತೆ, ಎಲ್ಲರೂ ತಮ್ಮ ತಮ್ಮ ಮನೆಯವರನ್ನು ಕರೆತರಬೇಕು ಎಂದು ಠರಾವು ಮಂಡಿಸಿದ. ಒಮ್ಮತದಿಂದ ಪಾಸಾಯಿತು.

ಕಸ್ತೂರಿ ಬೈದಿದ್ದರೆ ನಾನು ಆರಾಮವಾಗಿ ಇರುತ್ತಿದ್ದೆ. "ಆಗಲಿ ಬಿಡ್ರಿ" ಎಂದಷ್ಟೇ ಅಂದು ರೊಟ್ಟಿ ಬಡಿಯಲು ಕೂತಳು. ಹೆಂಡತಿ ಬೇಡಿದ್ದ ಒಂದೇ ಒಂದು ದಿನವನ್ನು ಊರಿಗೆಲ್ಲ ಹಂಚಿ ಬಂದಿದ್ದೆನಲ್ಲ, ನನ್ನಂಥ ಖೋಡಿ ಇನ್ನೊಬ್ಬನಿಲ್ಲ ಎನಿಸಿತು. ನಾಲ್ಕನೇ ಮೀಟಿಂಗಿನ ಹಿಂದಿನ ಸಂಜೆ ಆಕೆ ತಾನಾಗಿಯೇ, ನಾಳೆ ಎಲ್ಲರೂ ಬರುತ್ತಾರೇನು ಎಂದು ಕೇಳಿದಳು. ಒಬ್ಬರೂ ತಪ್ಪಿಸುವುದಿಲ್ಲ, ನಾಳೆ ಕೊನೆಯ ತೀರ್ಮಾನ ಎಂದೆ. ಅಷ್ಟು ಕೇಳಿ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿದಳು.

ಬೆಳಗಿನ ಜಾವ ನನ್ನ ಭುಜ ಅಲ್ಲಾಡಿಸಿದಳು. "ಏಳ್ರಿ, ಬಸ್ಸಿಗೆ ಹೊತ್ತಾತು. ಅವರೆಲ್ಲಾ ಇವತ್ತ ಮೀಟಿಂಗಿನ್ಯಾಗ ಇರತಾರ. ದಬದಬಿ ಕಡೆ ಒಬ್ಬರೂ ಬರಂಗಿಲ್ಲ."

ನಾನು ಎದ್ದು ಕೂತೆ. ಅವ್ವ ಹಾಸಿಗೆಯಲ್ಲೇ ಹೊರಳಿ, ಮಕ್ಕಳ ಚಿಂತೆ ಬೇಡ, ನಡೀರಿ ಎಂದಳು. ಅವ್ವನಿಗೆ ಎರಡು ವಾರದಿಂದ ಗೊತ್ತಿತ್ತಂತೆ. ತಮ್ಮನಿಗೆ ಒಂದು ವಾರದಿಂದ. ಪಕ್ಕದ ಖೋಲಿಯವರಿಗೂ ಗೋಡೆಯಾಚೆಯಿಂದ ತಿಳಿದು, ಅವರೂ ತುಟಿ ಬಿಚ್ಚಿರಲಿಲ್ಲ. ಇಡೀ ಚಾಳಿನಲ್ಲಿ ಸುದ್ದಿ ತಿಳಿಯದವನು ನಾನೊಬ್ಬನೇ.

ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಪರಿಚಯದ ಬೆಳ್ಳಿ ಕೆಲಸದವನೊಬ್ಬ ಸಿಕ್ಕು, ಜೋಡಿಯಾಗಿ ಎತ್ತ ಹೊರಟಿರಿ ಎಂದ. ನನ್ನ ಬಾಯಿ ಆಗಲೇ ಅರ್ಧ ತೆರೆದಿತ್ತು. ಕಸ್ತೂರಿ ಸೆರಗು ಸರಿಮಾಡಿಕೊಂಡು, "ಸೂತಕದ ಮನಿಗ್ರಿ" ಎಂದಳು. ಆತ ಲೊಚಗುಟ್ಟಿ ನಾಲ್ಕು ಹೆಜ್ಜೆ ಹಿಂದೆ ಸರಿದ. ಕರೆಯದೆ ಜೊತೆಗೆ ಬರುವವರನ್ನು ತಡೆಯುವ ಇಂಥ ವಿದ್ಯೆ ಒಂಬತ್ತು ವರ್ಷ ನಮ್ಮ ಮನೆಯಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಚಂದಗಡ ದಾಟಿ ಒಂದು ತಿರುವಿನಲ್ಲಿ ಇಳಿದೆವು. ಭತ್ತದ ಗದ್ದೆಯ ಬದುವಿನ ಮೇಲೆ ನಡೆದು, ಚಪ್ಪಲಿ ಕೈಯಲ್ಲಿ ಹಿಡಿದು ಕೆಸರು ತುಳಿದು, ಗುಡ್ಡ ಹತ್ತಿದೆವು. ಎರಡು ಕಡೆ ನಾನು ಜಾರಿ ಬಿದ್ದೆ, ಆಕೆ ನಕ್ಕಳು. ಕಡೆಗೊಮ್ಮೆ ನೀರು ಕಂಡಿತು. ಭಾಳ ಎತ್ತರದ್ದೇನಲ್ಲ, ಆದರೆ ತುಂಬಿ ಬೀಳುತ್ತಿತ್ತು. ಸ್ವಲ್ಪ ದೂರದ ಬಂಡೆಯ ಮೇಲೆ ಕೂತು ಕಸ್ತೂರಿ ಕಾಲು ನೀರಿಗೆ ಬಿಟ್ಟಳು. ರೊಟ್ಟಿ ತಿಂದೆವು. ಆಮೇಲೂ ಆಕೆ ನೀರನ್ನೇ ನೋಡುತ್ತ ಕೂತಳು. ನನಗೆ ತಡೆಯಲಾಗದೆ, ಇಷ್ಟು ದೂರ ಕರೆತಂದಿಯಲ್ಲ, ಏನು ಹೇಳಬೇಕಿತ್ತು ಎಂದು ಕೇಳಿದೆ.

"ಹೇಳೂದೇನಿಲ್ರಿ. ಯಾರೂ ನನ್ನ ಹೆಸರ ಹಿಡದ ಕರೀಲಾರದ ಕಡೆ ಒಂದ ತಾಸು ಕೂಡಬೇಕಂತಿದ್ದೆ. ಒಬ್ಬಾಕಿ ಬರಾಕ ಅಂಜಿಕಿ. ಅದಕ್ಕ ನಿಮ್ಮನ್ನ ಕರಕೊಂಡು ಬಂದೆ."

ಆ ಒಂದು ತಾಸು ನಾನು ತುಟಿ ಎರಡು ಮಾಡಲಿಲ್ಲ. ಜೀವಮಾನದಲ್ಲಿ ನಾನು ಅಷ್ಟು ಸುಖಪಟ್ಟದ್ದು ಕಡಿಮೆ.

ಶನಿವಾರ ಶೆಡ್ಡಿನಲ್ಲಿ ವಿಚಾರಣೆ ನಡೆಯಿತು. ಹೊಟ್ಟೆ ಕೆಟ್ಟಿತ್ತು ಎಂದೆ. ಅಧ್ಯಕ್ಷನಿಲ್ಲದೆ ತೀರ್ಮಾನ ಆಗದ ಕಾರಣ ದಬದಬಿಯನ್ನು ಮುಂದಿನ ವರ್ಷಕ್ಕೆ ತಳ್ಳಿ, ತಿಂಗಳಿಗೊಂದು ಮೀಟಿಂಗ್ ಇಟ್ಟುಕೊಂಡಿದ್ದರು. ನನ್ನನ್ನು ತೆಗೆದುಹಾಕಬೇಕೆಂದು ಕೆಲವರು ಅಂದರಂತೆ. ಮನುಷ್ಯ ಎದುರಿಗಿಲ್ಲದಾಗ ತೆಗೆಯುವುದು ನ್ಯಾಯವಲ್ಲ ಎಂದು ದತ್ತೂ ಅಡ್ಡ ಬಂದನಂತೆ. ಇದನ್ನೆಲ್ಲ ಮನೆಗೆ ಬಂದು ಹೇಳಿದೆ. ಕಸ್ತೂರಿ ಒಲೆಯ ಮುಂದಿನಿಂದ ತಲೆಯೆತ್ತದೆ ಕೇಳಿದಳು: "ಮುಂದಿನ ಮೀಟಿಂಗ್ ಯಾವತ್ತಂದ್ರಿ?"

ಆ ಸಮಿತಿಗೆ ನಾನು ಆರು ವರ್ಷ ಅಧ್ಯಕ್ಷನಾಗಿದ್ದೆ. ಮತ್ತೆ ಒಂದು ಮೀಟಿಂಗಿಗೂ ಹೋಗಲಿಲ್ಲ.