ಒರತೆಯ ಮೇಲಿನ ಗುಡ್ಡ ಯಾರದು?

ನಾವು ಓಟು ಹಾಕಿ ಗೆಲ್ಲಿಸಿದವರು ನಮ್ಮನ್ನು ನಗಿಸದ ವರ್ಷವೇ ಇಲ್ಲ. ನಗು ಬರುವುದು ಮಾತ್ರ ಆಮೇಲೆ. ಆ ಹೊತ್ತಿನಲ್ಲಿ ಹೊಟ್ಟೆಯೊಳಗೆ ಬೆಂಕಿಯೇ.

ಹೆತ್ತೂರು ಕಡೆಯ ನಮ್ಮ ಊರಿಗೆ ನೀರು ಬರುವುದು ಗುಡ್ಡದ ಒರತೆಯಿಂದ. ಪೈಪಿನಲ್ಲಿ ಇಳಿದು ಊರ ನಡುವಿನ ಸಿಮೆಂಟ್ ತೊಟ್ಟಿಗೆ ಬೀಳುತ್ತದೆ. ಆ ಒರತೆಯ ನೆತ್ತಿಯ ಮೇಲೆಯೇ ಕಲ್ಲುಕೋರೆ, ಜಲ್ಲಿ ಕ್ರಷರ್ ಬರುತ್ತದೆ ಎಂದು ಸುದ್ದಿಯಾಯಿತು. ಆಚೆ ಊರಿನಲ್ಲಿ ಬಂಡೆ ಸಿಡಿಸಿದ ಮೇಲೆ ಒರತೆ ಬತ್ತಿ, ಹೆಂಗಸರು ಹಳ್ಳಕ್ಕೆ ಇಳಿದು ನೀರು ಹೊರುವುದನ್ನು ನಾನು ಕಂಡಿದ್ದೆ. ನನ್ನ ಮಗಳು ಆಗಿನ್ನೂ ಕಂಕುಳ ಕೂಸು. ಒಂದು ಕಡೆ ಅವಳು, ಇನ್ನೊಂದು ಕಡೆ ಕೊಡ, ಕಾಲ ಕೆಳಗೆ ಜಾರುವ ದಾರಿ. ನೆನೆದರೆ ಅನ್ನ ಸೇರುತ್ತಿರಲಿಲ್ಲ.

ನಿಂತವರು, ಕೂತವರು

ಆ ಸಲ ಪಂಚಾಯ್ತಿ ಅಧ್ಯಕ್ಷರ ಕುರ್ಚಿ ಹೆಂಗಸರಿಗೆ ಮೀಸಲು. ನಮ್ಮ ಮನೆಯಿಂದ ಕೆಳಗಿನ ಮನೆಯವರು ತಮ್ಮ ಹೆಂಡತಿಯನ್ನು ಚುನಾವಣೆಗೆ ನಿಲ್ಲಿಸಿದರು. ಆ ಅಕ್ಕ ಓಟು ಕೇಳಲು ಬಂದು, "ನಮ್ಮನೆಯೋರಿಗೆ ಓಟು ಹಾಕ್ರವ್ವ" ಅಂದರು.

"ಅಲ್ಲಕ್ಕ, ನಿಂತಿರೋದು ನೀವಲ್ವಾ?"

"ನಿಲ್ಲೋದು ನಾನು ಕಣೆ. ಕೂರೋದು ಅವರು."

ಹಾಗೆಯೇ ಆಯಿತು. ಅಕ್ಕ ಗೆದ್ದು ಅಧ್ಯಕ್ಷರಾದರು, ಕುರ್ಚಿಯಲ್ಲಿ ಅವರ ಗಂಡ ಕೂತರು. ಸಹಿ ಬೇಕಾದಾಗ ಮಾತ್ರ ಗಂಡ ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುವಷ್ಟರಲ್ಲಿ ಅಕ್ಕನ ಅಧಿಕಾರ ಮುಗಿದಿರುತ್ತಿತ್ತು.

ಗೋಡೆಯ ಈಚೆ, ಆಚೆ

ನಮ್ಮ ಊರಿನ ಇನ್ನೊಬ್ಬ ಮೆಂಬರ್ ಒಂದು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದರು. "ನೀನು ಹೆದರಬೇಡ ತಂಗಿ. ಕ್ರಷರ್ ಬರೋಕೆ ಬಿಡಲ್ಲ. ಪ್ರಾಣ ಹೋದ್ರೂ ಬಿಡಲ್ಲ" ಅಂದರು. ನಾನು ನಂಬಿದೆ. ಇನ್ನೊಂದು ಲೋಟ ಕೊಟ್ಟೆ.

ಪಕ್ಕದ ಮನೆ ನಮ್ಮ ಭಾವನದು, ನಮ್ಮನೆಯವರ ಅಣ್ಣ. ಕ್ರಷರ್ ಬಂದರೆ ತನ್ನ ಮಗನಿಗೆ ಟಿಪ್ಪರ್ ಓಡಿಸುವ ಕೆಲಸ ಸಿಗುತ್ತದೆಂದು ಭಾವ ಕಾದಿದ್ದರು. ಅದೇ ಕಾರಣಕ್ಕೆ ನಮ್ಮಿಬ್ಬರ ಮನೆಗೆ ಮಾತು ನಿಂತಿತ್ತು. ನಡುವೆ ಇದ್ದದ್ದು ಒಂದೇ ಗೋಡೆ. ಲೋಟ ತೊಳೆದಿಡುವಷ್ಟರಲ್ಲಿ ಆಚೆಯಿಂದ ಅದೇ ಮೆಂಬರ್ ದನಿ ಕೇಳಿತು. "ಕ್ರಷರ್ ತಂದೇ ತರ್ತೀನಿ ಅಣ್ಣ, ಪ್ರಾಣ ಹೋದ್ರೂ ಬಿಡಲ್ಲ!"

ನಾನು ಗೋಡೆಗೆ ಬಾಯಿಟ್ಟು ಕೂಗಿದೆ. "ಮೆಂಬರೇ, ನಿಮಗೆ ಪ್ರಾಣ ಎಷ್ಟೈತೆ? ಮನೆಗೊಂದಾ?"

ಆಚೆ ಕಡೆ ಕಾಫಿ ನೆತ್ತಿಗೆ ಹತ್ತಿದ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಒಣ ಗುಡ್ಡದ ಇಂಬಳ

ಮಳೆ ನಿಂತ ಮೇಲೆ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಜಾಗ ನೋಡಲು ಬಂದರು. ಬಯಲುಸೀಮೆಯ ಹುಡುಗ, ಹೊಸಬ. ಅಧ್ಯಕ್ಷರ ಗಂಡ ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ದಾರಿ ತೋರಿಸಿದರು. ನಾವು ಹೆಂಗಸರೂ ಹಿಂದೆ ಹತ್ತಿದೆವು.

"ಇಲ್ಲಿ ಒರತೆ ಗಿರತೆ ಏನೂ ಇಲ್ಲ ಸಾರ್. ಮಳೆ ನೀರು ಅಷ್ಟೇ. ಈಗ ಒಣ ಗುಡ್ಡ" ಎನ್ನುತ್ತ ಅವರು ಒರತೆಯ ಪೊದೆಗೆ ಬೆನ್ನು ಕೊಟ್ಟು, ಅಧಿಕಾರಿಗೆ ಕಾಣದ ಹಾಗೆ ಅಡ್ಡ ನಿಂತೇ ಇದ್ದರು.

"ಜಾಗ ಯಾರದು?" ಅಧಿಕಾರಿ ಕೇಳಿದರು. ಪಹಣಿಯಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರೇ ಇತ್ತು. ಅವರು ಮಾರಿ ಊರು ಬಿಟ್ಟಿದ್ದರು. ಕೊಂಡವರು ಯಾರೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

"ಯಾರೋ ಮಂಗಳೂರು ಕಡೆ ಪಾರ್ಟಿಯಂತೆ. ನನಗೂ ಅದಕ್ಕೂ ಸಂಬಂಧ ಇಲ್ಲ ಸಾರ್" ಅನ್ನುತ್ತಿದ್ದ ಹಾಗೇ ಅವರ ಬಿಳಿ ಪಂಚೆಯ ಮೇಲೆ ಕೆಂಪು ಹರಡತೊಡಗಿತು. ಮರುಕ್ಷಣ ಪಂಚೆ ಎತ್ತಿ ಕುಣಿಯಲು ಶುರುಮಾಡಿದರು. ಎರಡು ಕಾಲಿಗೂ ಜಿಗಣೆಯಂಥ ಇಂಬಳ, ರಕ್ತ ಕುಡಿದು ದ್ರಾಕ್ಷಿಯ ಹಾಗೆ ಊದಿಕೊಂಡಿದ್ದವು. ಹೆಂಗಸರು ಮುಖ ತಿರುಗಿಸಿ ನಕ್ಕರು. ಅವನ್ನು ಬಿಡಿಸಲು ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದುಕೊಟ್ಟವಳು ನಾನೇ.

"ಇಂಬಳಕ್ಕೆ ತೇವ ಬೇಕು ಅಲ್ವೇನಣ್ಣ? ಒಣ ಗುಡ್ಡಕ್ಕೆ ಇವನ್ನೆಲ್ಲ ಟಿಪ್ಪರಲ್ಲಿ ತಂದು ಸುರಿಸಿದ್ರಾ?"

ಗ್ರಾಮಸಭೆ

ಕೊನೆಗೆ ತೀರ್ಮಾನ ಗ್ರಾಮಸಭೆಗೆ ಬಂತು. ಶಾಲೆಯ ಹೊರಗೆ ಕ್ರಷರಿನವರ ಜೀಪು. ಅದಕ್ಕೆ ಒರಗಿ ನಿಂತ ಗಟ್ಟಿ ಆಳುಗಳು ಒಳಗೆ ಹೋಗುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. "ಇವತ್ತಾದ್ರೂ ಬಾಯಿ ಮುಚ್ಕೊಂಡಿರು" ಎಂದು ನಮ್ಮನೆಯವರು ದಾರಿಯುದ್ದಕ್ಕೂ ಬೇಡಿಕೊಂಡಿದ್ದರು.

ವೇದಿಕೆಯಲ್ಲಿ ಆ ಅಧಿಕಾರಿಯ ಪಕ್ಕ ಅಧ್ಯಕ್ಷರ ಗಂಡ. ಅಕ್ಕ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿದ್ದರು.

"ಅಧ್ಯಕ್ಷರು ಒಪ್ಪಿದ್ದಾರೆ. ಊರೂ ಒಪ್ಪಿದ ಹಾಗೇ" ಅಂದರು ಗಂಡ.

ನಾನು ಎದ್ದೆ. ನಮ್ಮನೆಯವರು ಸೆರಗು ಜಗ್ಗಿದರು. ಜಗ್ಗಲಿ ಅಂದುಕೊಂಡೆ. "ಅಧ್ಯಕ್ಷರು ಒಪ್ಪಿದ್ರೆ ಅವರೇ ಹೇಳ್ಲಿ. ನಾವು ಓಟು ಹಾಕಿರೋದು ಅವರಿಗೆ."

ಅಧಿಕಾರಿ ಹೌದೆಂದು ತಲೆಯಾಡಿಸಿದರು. ಗಂಡ ಕೆಳಗಿಳಿದರು, ಅಕ್ಕ ಮೇಲೆ ಹೋದರು.

"ಅಕ್ಕ, ಒಂದೇ ಮಾತು ಹೇಳ್ಬುಡಿ. ಒರತೆ ಮೇಲಿನ ಜಾಗ ಈಗ ಯಾರದು?"

ಅಕ್ಕ ನನ್ನನ್ನು ನೋಡಿದರು. ಗಂಡನನ್ನು ನೋಡಿದರು. ಗಂಡ ಕಣ್ಣಲ್ಲೇ ಸುಡುತ್ತಿದ್ದರು.

"ಹೇಳಂಗಿಲ್ಲ" ಅಂದರು ಅಕ್ಕ.

"ಯಾಕಮ್ಮ? ನಿಮಗೆ ಗೊತ್ತಿಲ್ವಾ?" ಅಧಿಕಾರಿ ಕೇಳಿದರು.

"ಗೊತ್ತೈತೆ ಸ್ವಾಮಿ."

"ಯಾರಾದ್ರೂ ಹೆದರಿಸಿದ್ದಾರಾ? ಪೊಲೀಸರನ್ನ ಕರೆಸ್ಲಾ?"

"ಹೆದರಿಕೆ ಅಲ್ಲ ಸ್ವಾಮಿ. ನಾನು ಆ ಹೆಸರು ಹೇಳಬಾರದು. ಮದುವೆ ಆದಾಗಿಂದ ಹೇಳಿಲ್ಲ."

ಅಧಿಕಾರಿ ಇನ್ನೂ ಪೆನ್ನು ಹಿಡಿದು ಕಾಯುತ್ತಿದ್ದರು. ಮುಂದೆ ಕೂತಿದ್ದ ಒಬ್ಬ ಅಜ್ಜಿ, "ಬರ್ಕೊಳ್ಳಪ್ಪ, ಹೆಂಡ್ತಿ ಹೇಳಬಾರದ ಹೆಸರು ಊರಲ್ಲಿ ಎಷ್ಟಿರ್ತವೆ?" ಅಂದಳು. ಹೆಂಗಸರ ಕಡೆಯಿಂದ ಎದ್ದ ನಗು ಶಾಲೆಯ ಹಂಚು ಹಾರಿಸುವಂತಿತ್ತು.

ನಗದೆ ಎದ್ದವರು ನಮ್ಮ ಭಾವ ಒಬ್ಬರೇ. "ನಿಂದೇ ಜಾಗ ಏನೋ? ಮಂಗಳೂರು ಪಾರ್ಟಿ ಅಂದು ನಮ್ಮ ಕೈಲಿ ಅಣ್ಣತಮ್ಮಂದಿರ ಜಗಳ ಆಡಿಸಿದ್ಯಲ್ಲೋ!"

ಒಪ್ಪುವವರು ಕೈ ಎತ್ತಿ ಎಂದಾಗ ಒಂದು ಕೈಯೂ ಏಳಲಿಲ್ಲ. ಎರಡು ಪ್ರಾಣದ ಮೆಂಬರ್ ಎರಡು ಕೈಯನ್ನೂ ಕಟ್ಟಿ ಕೂತಿದ್ದರು.

ಮಾರನೆಯ ಬೆಳಿಗ್ಗೆ ಅಧ್ಯಕ್ಷರು ಎಂದಿನಂತೆ ತೊಟ್ಟಿಯ ಹತ್ತಿರ ಬಂದರು. ನನಗೆ ಜೀವ ತಡೆಯಲಿಲ್ಲ. "ಮನೇಲಿ ಗಲಾಟೆ ಆಯ್ತೇನಕ್ಕ?" ಅಂದೆ.

ಅಕ್ಕ ಕೊಡವನ್ನು ಪೈಪಿನ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಾಕಾಗುತ್ತೆ? ನಾನೇನು ಅವರ ಹೆಸರು ಹೇಳಿದ್ನಾ?"